ನನ್ನ ಟಾನ್ಸಿಲ್ಲೂ ನಲವತ್ತೊಂದು ಟಿಕ್ಕುಗಳೂ

ನನ್ನ ಗಂಟಲಿನಿಂದ ಟಾನ್ಸಿಲ್ ಕಿತ್ತು ಹತ್ತೊಂಬತ್ತು ವರ್ಷ ಆಯ್ತು. ಕಿತ್ತ ಮೇಲೂ ಅದಕ್ಕೆ ನಿವೃತ್ತಿ ಸಿಕ್ಕಿಲ್ಲ. ನನ್ನ ಹಾಗೇ ಅದೂ ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ದಿನಾ ಹಾಜರಿ ಹಾಕುತ್ತದೆ. ಅದು ರಜೆ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ಮುಖ ಸಿಂಡರಿಸಬೇಡಿ. ನಮ್ಮಲ್ಲಿ ಇದು ಪದ್ಧತಿ. ಲ್ಯಾಬಿನವರ ಮೈಯಿಂದ ಏನೇ ಕತ್ತರಿಸಿ ತೆಗೆದರೂ ಪರೀಕ್ಷೆಗೆ ಬರುವುದು ನಮ್ಮ ಮೇಜಿಗೇ. ಪರೀಕ್ಷೆ ಮುಗಿದ ಮೇಲೆ ಅವರಿಂದಲೇ ಒಪ್ಪಿಗೆ ಬರೆಸಿಕೊಂಡು, ಮೇಣದಲ್ಲಿ ಹುದುಗಿಸಿದ ತುಣುಕನ್ನು ಬೀರುವಿನಲ್ಲಿ ಇಟ್ಟುಕೊಳ್ಳುತ್ತೇವೆ. ವಾಚ್‌ಮನ್‌ನ ಅಪೆಂಡಿಕ್ಸ್ ಇದೆ, ಹಳೇ ಗುಮಾಸ್ತರ ಪಿತ್ತಕೋಶ ಇದೆ, ನಮ್ಮ ದೊಡ್ಡ ಡಾಕ್ಟರ ಕುತ್ತಿಗೆಯ ನರಹುಲಿಯೂ ಇದೆ. ರೋಗಿಯ ತುಣುಕಿಗೆ ಬಣ್ಣ ಹಚ್ಚುವಾಗ, ಬಣ್ಣ ಎಲ್ಲಿ ಬರಬೇಕು ಎಲ್ಲಿ ಬರಬಾರದು ಅಂತ ಮೊದಲೇ ಗೊತ್ತಿರುವ ಒಂದು ತುಣುಕಿಗೂ ಪಕ್ಕದಲ್ಲಿ ಹಚ್ಚಬೇಕು. ಅದಕ್ಕೆ ಕಂಟ್ರೋಲ್ ಅಂತಾರೆ. ಅದು ಸರಿ ಬಂದರೆ ರೋಗಿಯದ್ದನ್ನೂ ನಂಬಬಹುದು. ನನ್ನ ಎರಡು ಟಾನ್ಸಿಲ್ಲಿನಿಂದ ಅಂಥ ಎಂಟು ಮೇಣದ ಬ್ಲಾಕ್ ಆಗಿದ್ದವು. ಕೂದಲಿಗಿಂತ ತೆಳ್ಳಗೆ ಕೊಯ್ದು ಕೊಯ್ದು ಈಗ ಎರಡು ಉಳಿದಿವೆ. ಅದರ ಒಂದೊಂದು ಮೂಲೆಯೂ ನನಗೆ ಗೊತ್ತು. ನಮ್ಮ ಮನೆಯ ಅಡುಗೆ ಕಟ್ಟೆಯೇ ನನಗೆ ಅಷ್ಟು ಗೊತ್ತಿಲ್ಲ.

ಇನ್ನು ಈ ಆಂಟಿಬಾಡಿಯ ವಿಷಯ. ನಮ್ಮ ಮೈಯ ಜೀವಕೋಶಗಳು ಒಂದನ್ನೊಂದು ಕೂಗಿ ಕರೆಯುತ್ತವೆ. ಆ ಕೂಗಿಗೆ ಕೀಮೋಕೈನ್ ಅಂತ ಹೆಸರು, ಅದನ್ನು ಕೇಳಿಸಿಕೊಳ್ಳುವ ಕಿವಿಗೆ ರಿಸೆಪ್ಟರ್ ಅಂತ. ಕೆಲವರ ಕ್ಯಾನ್ಸರ್ ಕೋಶಗಳಿಗೂ ಈ ಕಿವಿ ಇರುತ್ತದೆ, ಕೆಲವರದಕ್ಕೆ ಇರುವುದಿಲ್ಲ. ಆಂಟಿಬಾಡಿ ಅನ್ನುವ ಮಹಾಶಯ ಹುಡುಕಿಕೊಂಡು ಹೋಗಿ ಆ ಕಿವಿಯ ಮೇಲೆ ಮಾತ್ರ ಕೂರಬೇಕು, ಬೇರೆ ಎಲ್ಲೂ ಕೂರಬಾರದು. ಅವನು ಕೂತ ಕಡೆ ಕಂದು ಬಣ್ಣ ಬರುವ ಹಾಗೆ ನಾನು ಮಾಡುತ್ತೇನೆ. ಕಂದು ಇದ್ದರೆ ಕಿವಿ ಇದೆ ಅಂತ ಅರ್ಥ, ಆ ಕಿವಿಯನ್ನೇ ಹಿಡಿದು ಕೋಶವನ್ನು ಕೊಲ್ಲುವ ಒಂದು ಹೊಸ ಇಂಜೆಕ್ಷನ್ ಆ ರೋಗಿಗೆ ನಾಟುತ್ತದೆ. ಕಂದು ಇಲ್ಲದಿದ್ದರೆ ಆ ಇಂಜೆಕ್ಷನ್ನೂ ಒಂದೇ, ನಲ್ಲಿ ನೀರೂ ಒಂದೇ.

ನಮ್ಮ ಹಳೇ ಆಂಟಿಬಾಡಿ ಎಲ್ಲೋ ಒಂದು ಮೊಲದ ರಕ್ತದಿಂದ ಬರುತ್ತಿತ್ತು. ಬಡಪಾಯಿ, ಬಣ್ಣ ತೆಳು, ಆದರೆ ಪ್ರಾಮಾಣಿಕ. ನನ್ನ ಟಾನ್ಸಿಲ್ಲಿನಲ್ಲಿ ಗುಂಡಗಿನ ಗೂಡುಗಳಿವೆ. ಗೂಡಿನ ಒಳಗೆ ಬಣ್ಣ ಇಲ್ಲ, ಗೂಡಿನ ಆಚೆ ಅಲ್ಲೊಂದು ಇಲ್ಲೊಂದು ಕೋಶ ಮಾತ್ರ ಕಂದು. ಹಾಗೇ ಇರಬೇಕಾದದ್ದು. ಆರು ತಿಂಗಳ ಹಿಂದೆ ಆ ಮೊಲ ಸತ್ತುಹೋಯಿತು. ಇನ್ನು ಅಂಥ ಸರಕು ಬರುವುದಿಲ್ಲ ಅಂತ ಕಂಪನಿಯವರು ಎರಡು ಸಾಲಿನ ಪತ್ರ ಹಾಕಿದರು. ಒಂದು ಮೊಲದ ಮೇಲೆ ಇಷ್ಟು ಜನರ ಜೀವ ನಿಂತಿತ್ತು, ಒಬ್ಬರಾದರೂ ಲೊಚಗುಟ್ಟಬೇಕಲ್ಲ? ಊಹೂಂ.

ಆಮೇಲೆ ಬಂದದ್ದು ಹೊಸ ಆಂಟಿಬಾಡಿ. ಇಸ್ತ್ರಿ ಮಾಡಿದ ಶರ್ಟಿನ ಸೇಲ್ಸಿನವನು ಒಂದು ಬಣ್ಣದ ಹಾಳೆ ತಂದು ಹರಡಿದ. ಹಾಳೆ ತುಂಬ ಕಂದು, ನೋಡಲು ಲಕ್ಷಣವಾಗಿತ್ತು. ಕೆಳಗೆ ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ ‘ಸಂಶೋಧನೆಗೆ ಮಾತ್ರ, ರೋಗಿಗಳ ಪರೀಕ್ಷೆಗಲ್ಲ’ ಅಂತ ಬರೆದಿತ್ತು. ನಾನು ಬೆರಳಿಟ್ಟು ತೋರಿಸಿದೆ.

“ಅದೆಲ್ಲ ವಕೀಲರು ಬರೆಸೋದು ಮೇಡಂ,” ಅಂದ ಸೇಲ್ಸಿನವನು.

“ಅದೇ ಮತ್ತೆ,” ಅಂದರು ನಮ್ಮ ದೊಡ್ಡ ಡಾಕ್ಟರು.

ದೊಡ್ಡ ಡಾಕ್ಟರು ಅಂದರೆ ನಮ್ಮ ಲ್ಯಾಬಿನ ಮುಖ್ಯಸ್ಥರು. ನಾನು ಬಣ್ಣ ಹಚ್ಚಿದ ಸ್ಲೈಡನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ, ಕಂದು ಎಷ್ಟು ಗಾಢ ಅಂತ ಒಂದು, ಎರಡು, ಮೂರು ಪ್ಲಸ್ಸು ಅಂತ ಅಂಕ ಕೊಡುವುದು ಅವರ ಕೆಲಸ. ಹೊಸ ಬಾಟಲಿ ಬಂದ ಮೇಲೆ ಒಂದು, ಎರಡು ಅನ್ನುವ ಅಂಕಿಗಳನ್ನೇ ಮರೆತರು. ಬಂದದ್ದೆಲ್ಲ ಮೂರು ಪ್ಲಸ್ಸು. ನಾವು ಹಿಂದಿನಿಂದ ಅವರನ್ನು ಮೂರು ಪ್ಲಸ್ಸು ಅಂತಲೇ ಕರೆಯತೊಡಗಿದೆವು. ಇಷ್ಟು ರೋಗಿಗಳಲ್ಲಿ ಈ ರಿಸೆಪ್ಟರ್ ಸಿಕ್ಕಿದ್ದು ಇನ್ನೆಲ್ಲೂ ಇಲ್ಲ ಅಂತ ಮುಂದಿನ ತಿಂಗಳ ಸಮ್ಮೇಳನದಲ್ಲಿ ಭಾಷಣ ಬೇರೆ ಇಟ್ಟುಕೊಂಡಿದ್ದರು. ನೆಲಕ್ಕಿಂತ ಒಂದಡಿ ಮೇಲೇ ನಡೆಯುತ್ತಿದ್ದರು ಅನ್ನಿ.

ಮೊದಲ ದಿನವೇ ನನ್ನ ಟಾನ್ಸಿಲ್ ನೋಡಿ ಇದು ತಪ್ಪು ಅಂತ ನನಗೆ ಗೊತ್ತಾಗಿತ್ತು. ಗೂಡಿನ ಒಳಗೆ ಕಂದು, ಹೊರಗೆ ಕಂದು, ಮೇಲಿನ ಸಿಪ್ಪೆಯೂ ಕಂದು. ನೀರು ಹೆಚ್ಚು ಮಾಡಿ ತೆಳ್ಳಗೆ ಹಚ್ಚಿದೆ, ಹೊತ್ತು ಕಡಿಮೆ ಮಾಡಿದೆ. ಒಂದೋ ಎಲ್ಲ ಕಂದು, ಇಲ್ಲವೋ ಏನೂ ಇಲ್ಲ. ಎತ್ತಿಕೊಂಡು ಹೋಗಿ ತೋರಿಸಿದೆ.

“ಸರ್, ಇದು ಕಂಡಕಂಡದ್ದಕ್ಕೆಲ್ಲ ಅಂಟ್ಕೊಳ್ತಿದೆ. ನನ್ನ ಟಾನ್ಸಿಲ್ ಹೀಗಿಲ್ಲ.”

ಅವರು ಕಣ್ಣು ಇಟ್ಟರು, ತೆಗೆದರು. “ಕಂಟ್ರೋಲಲ್ಲಿ ಕಂದು ಬಂದಿದೆಯೋ ಇಲ್ವೋ?”

“ಬಂದಿದೆ. ಆದ್ರೆ ಬರಬಾರದ ಕಡೆನೂ...”

“ಬಂದಿದೆ ತಾನೆ? ನೀವು ಬಣ್ಣ ಹಚ್ಚಿಯಮ್ಮ. ಓದೋದು ನನಗೆ ಬಿಡಿ.”

ಮೇಜಿನ ಸುತ್ತ ಆರು ಜನ ನಿಂತಿದ್ದರು. ಒಬ್ಬಳು ಕಿಸಕ್ಕನೆ ನಕ್ಕಳು. ಇಪ್ಪತ್ತೆರಡು ವರ್ಷದ ಸರ್ವಿಸ್ ನನ್ನದು, ಆ ಡಾಕ್ಟರು ಇಲ್ಲಿ ಕಾಲಿಡುವ ಮುಂಚಿನಿಂದ ನಾನು ಇಲ್ಲಿದ್ದೇನೆ. ಮೈಯೆಲ್ಲ ಉರಿದುಹೋಯಿತು. ಸರಿ, ಹಚ್ಚುತ್ತೇನೆ ಬಣ್ಣ, ಬಣ್ಣ ಮಾತ್ರ ಹಚ್ಚುತ್ತೇನೆ, ಅಂದುಕೊಂಡೆ. ಪ್ರತಿ ಪರೀಕ್ಷೆಗೂ ಒಂದು ಫಾರಂ ಇರುತ್ತದೆ. ಅದರಲ್ಲಿ ‘ಕಂಟ್ರೋಲಿನಲ್ಲಿ ಬಣ್ಣ ಬಂದಿದೆಯೇ?’ ಅಂತ ಒಂದು ಖಾನೆ. ಬರಬಾರದ ಕಡೆ ಬಂದಿದೆಯೇ ಅಂತ ಕೇಳುವ ಖಾನೆ ಇಲ್ಲ, ಯಾವ ಪುಣ್ಯಾತ್ಮ ಮಾಡಿದ ಫಾರಮ್ಮೋ. ಕೇಳಿದ್ದಕ್ಕೆ ಉತ್ತರ ಕೊಟ್ಟೆ. ಟಿಕ್ ಹಾಕಿದೆ, ಕೆಳಗೆ ಸಹಿ ಹಾಕಿದೆ. ಮಾರನೇ ದಿನವೂ ಹಾಕಿದೆ. ಹೀಗೆ ಐದು ತಿಂಗಳು ಮುಖ ಊದಿಸಿಕೊಂಡು, ತುಟಿ ಪಿಟಕ್ಕೆನ್ನದೆ ನಲವತ್ತೊಂದು ಟಿಕ್ಕು ಹಾಕಿದೆ. ಅವರಿಗೆ ಒಂದು ದಿನ ಬುದ್ಧಿ ಬರಲಿ, ನನ್ನ ಹತ್ತಿರ ಬಂದು ಕೇಳಲಿ ಅಂತ ಕಾಯುತ್ತಿದ್ದೆ. ನಾನು ಸ್ವಾಭಿಮಾನಿ ಅಲ್ಲವೇ!

ನಲವತ್ತೆರಡನೆಯ ಫಾರಂ ನನ್ನ ನಾದಿನಿಯದು.

ನನ್ನ ಗಂಡನ ಒಬ್ಬಳೇ ತಂಗಿ, ಹೈಸ್ಕೂಲಿನಲ್ಲಿ ಲೆಕ್ಕದ ಟೀಚರು. ಮದುವೆ ಆಗಲಿಲ್ಲ, ತಾಯಿಯನ್ನು ತನ್ನ ಜೊತೆಗೇ ಇಟ್ಟುಕೊಂಡಿದ್ದಾಳೆ. ನಾಲಿಗೆ ಅಂದರೆ ಬ್ಲೇಡು. ನನ್ನ ಕೆಲಸ ಏನು ಅಂತ ಯಾರಾದರೂ ಕೇಳಿದರೆ, “ನಮ್ಮ ಅತ್ತಿಗೆ ಪೇಂಟರು, ಗೋಡೆ ಮಾತ್ರ ಬಿಟ್ಟು ಎಲ್ಲಕ್ಕೂ ಹಚ್ತಾರೆ,” ಅನ್ನುವವಳು. ನಾನೇನು ಸುಮ್ಮನಿರುತ್ತಿದ್ದೆನೇ? ಎಂಥ ಲೆಕ್ಕದ ಟೀಚರಮ್ಮಾ ನೀನು, ವರ್ಷ ಹೋದಷ್ಟೂ ನಿನ್ನ ವಯಸ್ಸು ಕಳೆಯೋ ಲೆಕ್ಕ ಮಾತ್ರ ಮಾಡ್ತೀಯಲ್ಲ, ಅನ್ನುತ್ತಿದ್ದೆ. ಎರಡು ವರ್ಷದಿಂದ ಅವಳ ಬೆನ್ನು, ತೊಡೆಯ ಮೇಲೆ ಕೆಂಪು ಕಲೆಗಳು. ತುರಿಕೆ ಅಂತ ಮುಲಾಮು ಹಚ್ಚಿ ಹಚ್ಚಿ ಸಾಕಾಗಿ, ಕೊನೆಗೆ ಚೂರು ಕತ್ತರಿಸಿ ನೋಡಿದರೆ ಚರ್ಮದ ಕ್ಯಾನ್ಸರು. ರಕ್ತಕ್ಕೂ ಇಳಿಯುವ ಜಾತಿಯದು.

ಕ್ಯಾನ್ಸರ್ ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಹಳೇ ಪದ್ಧತಿಯ ಡ್ರಿಪ್ಪು. ಕೂದಲು ಹೋಗುತ್ತದೆ, ವಾಂತಿ, ಸುಸ್ತು, ಆದರೆ ಅರ್ಧಕ್ಕರ್ಧ ಜನಕ್ಕೆ ಕೆಲಸ ಮಾಡುತ್ತದೆ. ಇನ್ನೊಂದು ಆ ಹೊಸ ಇಂಜೆಕ್ಷನ್. ಕೂದಲೂ ಹೋಗುವುದಿಲ್ಲ, ಶಾಲೆಗೂ ಹೋಗಬಹುದು, ಆದರೆ ಕೋಶಗಳಿಗೆ ಆ ರಿಸೆಪ್ಟರ್ ಇದ್ದರೆ ಮಾತ್ರ. ಒಂದು ಸಲ ಇಂಜೆಕ್ಷನ್ ಶುರು ಮಾಡಿದರೆ ನಾಲ್ಕು ತಿಂಗಳು ಡ್ರಿಪ್ ಹಾಕುವಂತಿಲ್ಲ. ಅವಳ ರೋಗ ನಾಲ್ಕು ತಿಂಗಳು ಸುಮ್ಮನೆ ಕೂರುವಂಥದ್ದಲ್ಲ.

ಅವಳ ಚರ್ಮದ ಚೂರಿಗೆ ಬಣ್ಣ ಹಚ್ಚಿದ್ದೂ ನಾನೇ. ಎಲ್ಲ ಕಂದು. ಮೂರು ಪ್ಲಸ್ಸು ಅಂತ ರಿಪೋರ್ಟು ಸೋಮವಾರ ಹೊರಟಿತು. ಇಂಜೆಕ್ಷನ್ ಶುಕ್ರವಾರಕ್ಕೆ ಗೊತ್ತಾಯಿತು, ಡ್ರಿಪ್ಪಿಗೆ ಹಿಡಿದಿಟ್ಟ ಹಾಸಿಗೆಯನ್ನು ನನ್ನ ಗಂಡನೇ ಫೋನ್ ಮಾಡಿ ಬಿಡಿಸಿದರು. ನಮ್ಮ ಅತ್ತೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನ ಕೈ ಹಿಡಿದುಕೊಂಡು, “ನಿನ್ನ ಕೈಯಿಂದಲೇ ಬಂತಲ್ಲಮ್ಮ ಒಳ್ಳೇ ಸುದ್ದಿ,” ಅಂತ ಕಣ್ಣೊರೆಸಿಕೊಂಡರು. ನನಗೆ ಆ ಕೈಯನ್ನು ಎಲ್ಲಿ ಬಚ್ಚಿಡಲಿ ಅನ್ನಿಸಿತು.

ನಾದಿನಿ ಮಾತ್ರ ಕನ್ನಡಿ ಮುಂದೆ ನಿಂತು ಜಡೆ ಮುಂದಕ್ಕೆ ಎಳೆದುಕೊಂಡು, “ಉಳೀತು ನೋಡಿ ಅತ್ತಿಗೆ. ಎಂಟನೇ ಕ್ಲಾಸಿಂದ ಬೆಳೆಸಿದ್ದು,” ಅಂದಳು. ಅವಳ ಧ್ವನಿಯಲ್ಲಿ ಬ್ಲೇಡು ಇರಲಿಲ್ಲ. ಅದನ್ನು ಕೇಳಿಯೇ ನಾನು ಸತ್ತೆ.

ಮಂಗಳವಾರ ಫ್ರೀಜರಿನ ತಳದಲ್ಲಿ ಹುಡುಕಿದೆ. ಹಳೇ ಮೊಲದ ಬಾಟಲಿ ಸಿಕ್ಕಿತು. ತಾರೀಕು ದಾಟಿತ್ತು, ತಳದಲ್ಲಿ ಒಂದೇ ಒಂದು ಹನಿ. ನಾನು ಬಿಸಾಡದೆ ಇಟ್ಟಿದ್ದೆ, ಜಿಪುಣತನವೂ ಒಮ್ಮೊಮ್ಮೆ ಕೈ ಹಿಡಿಯುತ್ತದೆ. ಆ ಹನಿಗೆ ನೀರು ಬೆರೆಸಿದರೆ ಮೂರು ಸ್ಲೈಡಿಗೆ ಸಾಕು. ಒಂದಕ್ಕೆ ನನ್ನ ಟಾನ್ಸಿಲ್, ಒಂದಕ್ಕೆ ನಾದಿನಿಯ ಚರ್ಮ. ಮೂರನೆಯದಕ್ಕೆ ಏನು ಅಂತ ಯೋಚಿಸುತ್ತಾ ಬೀರು ತೆರೆದಾಗ ಕಣ್ಣಿಗೆ ಬಿತ್ತು, ದೊಡ್ಡ ಡಾಕ್ಟರ ನರಹುಲಿ. ಅದೂ ಚರ್ಮವೇ, ಕ್ಯಾನ್ಸರಿನ ಸುಳಿವೂ ಇಲ್ಲದ ಚರ್ಮ. ಅದರಿಂದ ಎರಡು ಪದರ ಕೊಯ್ದೆ. ಒಂದಕ್ಕೆ ಹಳೇ ಆಂಟಿಬಾಡಿ, ಇನ್ನೊಂದಕ್ಕೆ ಹೊಸದು.

ಬುಧವಾರ ಮಧ್ಯಾಹ್ನಕ್ಕೆ ಬಣ್ಣ ಸಿದ್ಧವಾಯಿತು. ಹಳೇ ಆಂಟಿಬಾಡಿಯಲ್ಲಿ ನನ್ನ ಟಾನ್ಸಿಲ್ ಹತ್ತೊಂಬತ್ತು ವರ್ಷದಿಂದ ಇದ್ದ ಹಾಗೇ ಇತ್ತು. ಗೂಡು ಬಿಳಿ, ಆಚೆ ಅಲ್ಲೊಂದು ಇಲ್ಲೊಂದು ಕಂದು. ತಾರೀಕು ದಾಟಿದ್ದರೂ ಮುದುಕಪ್ಪ ತನ್ನ ಕೆಲಸ ಮರೆತಿರಲಿಲ್ಲ. ಸಾಹೇಬರ ನರಹುಲಿ ಬೋಳು. ನಾದಿನಿಯ ಚರ್ಮವೂ ಬೋಳು, ರೋಗದ ಕೋಶಗಳು ಸಾಲಾಗಿ ನಿಂತಿವೆ, ಒಂದಕ್ಕೂ ಕಿವಿ ಇಲ್ಲ. ಮೈಕ್ರೋಸ್ಕೋಪಿನ ಮುಂದೆ ಕೂತು ಅತ್ತುಬಿಟ್ಟೆ. ಯಾರೋ ಬಂದರು, ಬಣ್ಣದ ಘಾಟು ಅಂದೆ.

ನಂತರ ಆ ನಾಲ್ಕನೆಯ ಸ್ಲೈಡನ್ನು, ಅಂದರೆ ಹೊಸ ಆಂಟಿಬಾಡಿ ಹಚ್ಚಿದ ನರಹುಲಿಯನ್ನು, ಹೆಸರು ಕಾಣದ ಹಾಗೆ ಪಟ್ಟಿ ಅಂಟಿಸಿ, ಮೂರು ಪ್ಲಸ್ಸಿನವರ ಮುಂದೆ ಇಟ್ಟೆ. ಅವರು ಎಡಗೈಯಲ್ಲಿ ಫೋನ್ ಹಿಡಿದು, ಬಲಗಣ್ಣಿನಿಂದ ನೋಡಿದರು. ಐದು ಸೆಕೆಂಡು ಹಿಡಿದಿದ್ದರೆ ಹೆಚ್ಚು.

“ಚರ್ಮ. ಭೇಷ್! ಮೂರು ಪ್ಲಸ್ಸು. ಬರ್ಕೊಳ್ಳಿ, ಇಂಜೆಕ್ಷನ್‌ಗೆ ಯೋಗ್ಯ.”

“ಯಾವತ್ತಿಂದ ಶುರು ಮಾಡ್ಬಹುದು ಸರ್?”

“ಯಾವತ್ತಾದ್ರೂ. ತಡ ಯಾಕೆ? ರೋಗಿಗೆ ಹೇಳಿ.”

“ಹೇಳಿದೆ ಸರ್. ರೋಗಿ ನೀವೇ. ಇದು ಆರು ವರ್ಷದ ಹಿಂದೆ ನಿಮ್ಮ ಕುತ್ತಿಗೆಯಿಂದ ತೆಗೆದ ನರಹುಲಿ.”

ಅವರ ಕೈ ತನ್ನಷ್ಟಕ್ಕೇ ಕುತ್ತಿಗೆಗೆ ಹೋಯಿತು. ಫೋನು ಕೆಳಗಿಟ್ಟರು. ಪಟ್ಟಿ ಕಿತ್ತು ನಂಬರು ನೋಡಿದರು, ಮತ್ತೆ ಕಣ್ಣಿಟ್ಟರು. ಈ ಸಲ ಲೆನ್ಸು ಬದಲಾಯಿಸಿ ತುಂಬ ಹೊತ್ತು ನೋಡಿದರು. ಅವರಿಗೆ ಓದಲು ಬರುವುದಿಲ್ಲ ಅಂತಲ್ಲ, ಚೆನ್ನಾಗಿಯೇ ಬರುತ್ತದೆ. ಐದು ತಿಂಗಳಿಂದ ಓದಿರಲಿಲ್ಲ ಅಷ್ಟೆ. ಉಳಿದ ಮೂರು ಸ್ಲೈಡನ್ನೂ ಒಂದೊಂದಾಗಿ ಮುಂದಿಟ್ಟೆ. ಅವರ ಮುಖ ಹುಳ್ಳಗಾಯಿತು.

“ಬಾಗಿಲು ಹಾಕಿ,” ಅಂದರು.

ಹಾಕಿದೆ.

“ನಿಮ್ಮ ನಾದಿನಿ ರಿಪೋರ್ಟನ್ನ ಈಗಲೇ ತಿದ್ದಿ ಕೊಡ್ತೀನಿ. ಹಾಸಿಗೆನೂ ನಾನೇ ಮಾತಾಡಿ ವಾಪಸ್ ಕೊಡಿಸ್ತೀನಿ. ಉಳಿದಿದ್ದು... ಸಮ್ಮೇಳನ ಒಂದು ಮುಗೀಲಿ. ನಿಧಾನಕ್ಕೆ ಬೇರೆ ಲ್ಯಾಬಿಗೆ ಕಳಿಸಿ ನೋಡಿಸೋಣ. ಎಲ್ಲರದ್ದೂ ತಪ್ಪೇ ಇರುತ್ತೆ ಅಂತ ಇಲ್ವಲ್ಲ? ಫಾರಂ ಮೇಲೆ ಸಹಿ ನಿಮ್ಮದೂ ಇದೆ, ನೆನಪಿರಲಿ. ಈ ಮಾತು ಈ ಕೋಣೆ ದಾಟೋದು ಬೇಡ.”

ನಾನು ಏನು ಮಾಡಿದೆ ಅಂತೀರಿ? ಮೇಜು ಗುದ್ದಿ, ಬಾಗಿಲು ಒದ್ದು ಬಂದೆ ಅಂದುಕೊಂಡಿರಾ? ಹೂಂ ಅಂದೆ. ಗೋಣು ಆಡಿಸಿ, ತಿದ್ದಿದ ರಿಪೋರ್ಟನ್ನು ಬ್ಯಾಗಿಗೆ ಹಾಕಿಕೊಂಡು, ಥ್ಯಾಂಕ್ಸ್ ಸರ್ ಅಂತ ಬೇರೆ ಹೇಳಿ ಬಂದೆ.

ಸಂಜೆ ನಾದಿನಿಯ ಮನೆಗೆ ಹೋದಾಗ ಅವಳು ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಕೆಂಪು ಪೆನ್ನು ಆಡಿಸುತ್ತಿದ್ದಳು. ಅತ್ತೆ ಬಟ್ಟೆ ಮಡಿಸುತ್ತಿದ್ದರು. ನನ್ನ ಗಂಡನನ್ನೂ ಕರೆದುಕೊಂಡು ಹೋಗಿದ್ದೆ, ಬಾಗಿಲ ಬಳಿಯೇ ಕೂತರು. ಸುತ್ತಿ ಬಳಸಿ ಹೇಳಲು ಬರಲಿಲ್ಲ, ಹೇಳಿಬಿಟ್ಟೆ. ರಿಪೋರ್ಟು ತಪ್ಪು, ಆ ಇಂಜೆಕ್ಷನ್ ನಿನಗೆ ನಾಟೋಲ್ಲ, ಶುಕ್ರವಾರ ಡ್ರಿಪ್ಪು.

ಅತ್ತೆಯ ಕೈಯಿಂದ ಟವೆಲು ಜಾರಿತು. “ಮೊನ್ನೆ ಒಳ್ಳೇದು ಅಂದೆ, ಇವತ್ತು ಇಲ್ಲ ಅಂತೀಯ. ಅವಳು ನಗೋದು ನೋಡಕ್ಕಾಗಲ್ವೇನೇ ನಿನಗೆ?”

“ಅಮ್ಮಾ, ಸುಮ್ನಿರಮ್ಮ,” ಅಂದರು ಇವರು.

ನಾದಿನಿ ಪೆನ್ನಿನ ಮುಚ್ಚಳ ಹಾಕಿದಳು. “ಗ್ಯಾರಂಟಿನಾ ಅತ್ತಿಗೆ?”

“ಗ್ಯಾರಂಟಿ.”

“ಜಡೆ ಹೋಗುತ್ತೆ ಹಾಗಾದ್ರೆ.”

“ಹೋಗುತ್ತೆ ಕಣೇ.”

ಅವಳು ಜಡೆಯನ್ನು ಬೆನ್ನ ಹಿಂದಕ್ಕೆ ಎಸೆದಳು. ಕಣ್ಣು ತುಂಬಿತು, ತುಳುಕಲಿಲ್ಲ. ತಪ್ಪು ಉತ್ತರ ಬರೆದ ಹುಡುಗಿಯನ್ನು ಕೇಳುವ ಧ್ವನಿಯಲ್ಲಿ ಕೇಳಿದಳು, “ಎಲ್ಲಿ ತಪ್ಪಾಯ್ತು? ಹಂತ ಹಂತವಾಗಿ ಹೇಳಿ.”

ಹೇಳಿದೆ. ಮೊಲ, ಸೇಲ್ಸಿನವನು, ನನ್ನ ಟಾನ್ಸಿಲ್, ನರಹುಲಿ. ನರಹುಲಿಗೆ ಮೂರು ಪ್ಲಸ್ಸು ಅಂದಾಗ ಅವಳು ನಕ್ಕೇಬಿಟ್ಟಳು. ನಾನೂ ನಕ್ಕೆ. ಅಬ್ಬ, ಮುಗಿಯಿತು ಅಂದುಕೊಂಡೆ.

“ಆ ಟಿಕ್ಕು ಯಾರು ಹಾಕೋದು?”

“...ನಾನು.”

“ತಪ್ಪು ಅಂತ ಗೊತ್ತಿತ್ತಾ?”

“ಮೊದಲ ದಿನವೇ ಹೇಳ್ದೆ ಕಣೇ. ಎಲ್ಲರ ಮುಂದೆ ಬಾಯಿ ಮುಚ್ಚಿಸಿದ್ರು.”

“ಗೊತ್ತಿತ್ತಾ ಅಂತ ಕೇಳ್ದೆ.”

“ಗೊತ್ತಿತ್ತು.”

“ನನಗಿಂತ ಮುಂಚೆ ಎಷ್ಟು ಜನ?”

ಲೆಕ್ಕದ ಟೀಚರು, ಬಿಡುತ್ತಾಳೆಯೇ? “ನಲವತ್ತೊಂದು,” ಅಂದೆ.

“ಅವರದ್ದೂ ತಿದ್ದಿಸಿ ತಂದ್ರಾ?”

ನಾನು ಸಮ್ಮೇಳನ ಅಂದೆ, ನಿಧಾನಕ್ಕೆ ಅಂದೆ, ಬೇರೆ ಲ್ಯಾಬು ಅಂದೆ. ಸಾಹೇಬರ ಮಾತುಗಳು ನನ್ನ ಬಾಯಿಯಿಂದ ಸರಾಗವಾಗಿ ಬರುತ್ತಿದ್ದವು, ನನಗೇ ಆಶ್ಚರ್ಯವಾಯಿತು. ಇವರು ಬಾಗಿಲ ಬಳಿ ತಲೆ ತಗ್ಗಿಸಿದರು. ಅತ್ತೆ ಕೂಡ ನನ್ನನ್ನೇ ನೋಡುತ್ತಿದ್ದರು.

ನಾದಿನಿ ಉತ್ತರಪತ್ರಿಕೆಗಳನ್ನು ಒಟ್ಟು ಮಾಡಿ ಮೇಜಿಗೆ ಕುಟ್ಟಿ ಅಂಚು ಸರಿ ಮಾಡಿದಳು.

“ಪಾಪ,” ಅಂದಳು, “ಅವರಿಗೆ ಯಾರಿಗೂ ಲ್ಯಾಬಲ್ಲಿ ಅತ್ತಿಗೆ ಇಲ್ಲ.”

ಇವರ ಜೊತೆ ಮನೆಗೆ ಹೊರಟೆ. ಐದು ತಿಂಗಳು ಮುಖ ಊದಿಸಿಕೊಂಡದ್ದು ಯಾರ ಮೇಲೆ, ಅನುಭವಿಸಿದ್ದು ಯಾರು ಅಂತ ಲೆಕ್ಕ ಹಾಕುತ್ತಾ ಬಂದೆ. ಆ ಲೆಕ್ಕಕ್ಕೆ ಟೀಚರು ಬೇಕಿರಲಿಲ್ಲ.

ಗುರುವಾರ ಬೆಳಿಗ್ಗೆ ಲ್ಯಾಬಿಗೆ ಬೇಗ ಹೋಗಿ ನಲವತ್ತೊಂದು ಫಾರಮ್ಮನ್ನೂ ಕಡತದಿಂದ ತೆಗೆದೆ. ಪ್ರತಿ ಟಿಕ್ಕಿನ ಮೇಲೂ ಒಂದು ಗೆರೆ ಎಳೆದು, ‘ಕಂಟ್ರೋಲ್ ಸರಿ ಇಲ್ಲ, ಈ ಫಲಿತಾಂಶ ನಂಬಬೇಡಿ’ ಅಂತ ಬರೆದು ಸಹಿ ಹಾಕಿದೆ. ಹಿಂದೆ ಟಿಕ್ ಹಾಕುವಾಗ ಒಂದಕ್ಕೆ ಒಂದು ಸೆಕೆಂಡು ಹಿಡಿಯುತ್ತಿತ್ತು. ಇದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಒಂದು ಪ್ರತಿ ದೊಡ್ಡ ಡಾಕ್ಟರ ಮೇಜಿಗೆ, ಒಂದು ಆಸ್ಪತ್ರೆಯ ನಿರ್ದೇಶಕರ ಟಪಾಲಿಗೆ. ಮೂರನೇ ಕಟ್ಟು ಎದೆಗವುಚಿಕೊಂಡು ಮೆಟ್ಟಿಲು ಹತ್ತಿದೆ.

ಇಂಜೆಕ್ಷನ್ ಕೊಡುವ ವಾರ್ಡು ನಾಲ್ಕನೇ ಮಹಡಿ. ಇಪ್ಪತ್ತೆರಡು ವರ್ಷದಲ್ಲಿ ನಾನು ಅಲ್ಲಿಗೆ ಹೋದವಳಲ್ಲ. ನಮ್ಮ ಪಾಲಿಗೆ ರೋಗಿ ಅಂದರೆ ಬೆರಳುಗುರಿನಷ್ಟು ಚೂರು, ಅದಕ್ಕೊಂದು ನಂಬರು. ಇಲ್ಲಿ ಕಿಟಕಿ ಸಾಲಿಗೆ ಎಂಟು ಕುರ್ಚಿ, ಕುರ್ಚಿಯಲ್ಲಿ ಇಡೀ ಇಡೀ ಮನುಷ್ಯರು. ಒಬ್ಬರು ಪೇಪರ್ ಓದುತ್ತಿದ್ದರು. ಒಬ್ಬ ಹೆಂಗಸು ಪಕ್ಕದ ಹುಡುಗಿಗೆ, “ಆರನೇದು ಇದು. ಒಗ್ಗಿ ಬರಕ್ಕೆ ಸ್ವಲ್ಪ ಟೈಮ್ ತಗೊಳತ್ತೆ ಅಂದಿದಾರೆ,” ಅಂತ ಹೇಳುತ್ತಿದ್ದಳು. ಅವಳ ಕುತ್ತಿಗೆಯವರೆಗೂ ಕಲೆ ಹಬ್ಬಿತ್ತು. ಕುರ್ಚಿಗೆ ಸಿಕ್ಕಿಸಿದ ಚೀಟಿಯಲ್ಲಿದ್ದ ನಂಬರು ನನಗೆ ಬಾಯಿಪಾಠ. ಹದಿನಾಲ್ಕನೇ ಫಾರಂ.

ಸಿಸ್ಟರು ಸಿರಿಂಜಿನ ಗಾಳಿ ತೆಗೆಯುತ್ತಿದ್ದಳು.

“ಸಿಸ್ಟರ್, ಕೊಡಬೇಡಿ. ನಿಲ್ಲಿಸಿ.”

ಅವಳು ಮೇಲಿಂದ ಕೆಳಗೆ ನನ್ನನ್ನು ನೋಡಿದಳು. ಬಣ್ಣದ ಕಲೆಯ ಏಪ್ರನ್ನು, ಕೈಯಲ್ಲಿ ಕಾಗದದ ಕಟ್ಟು, ಏದುಸಿರು.

“ಡಾಕ್ಟರ ಆರ್ಡರ್ ಇದೆ. ನಿಲ್ಲಿಸೋಕೆ ನೀವು ಯಾರಮ್ಮ?”

ಕುರ್ಚಿಯ ಹೆಂಗಸು ತೋಳು ಮಡಿಸಿಕೊಂಡು ನನ್ನತ್ತ ತಿರುಗಿದಳು. ಆ ಮುಖ ನೋಡಿದ ಮೇಲೆ ನನ್ನ ಬಾಯಿಂದ ಒಂದು ಕುಹಕವೂ ಹೊರಡಲಿಲ್ಲ.

“ಟಿಕ್ ಹಾಕಿದವಳು,” ಅಂದೆ.